ಎ ಟವರಿನ ಹೊಟ್ಟೆಯ ಗುಟ್ಟು

ಹೋದ ವಾರ ಒಂದು ಬೆಳಿಗ್ಗೆ, ಅಹಮದಾಬಾದಿನ ವಸ್ತ್ರಾಪುರದ ನಮ್ಮ ಹೊಸ ಬಾಡಿಗೆ ಮನೆಯಲ್ಲಿ ಹಲ್ಲುಜ್ಜುತ್ತ ನಲ್ಲಿ ತಿರುಗಿಸಿ ಬೊಗಸೆಯಲ್ಲಿ ನೀರು ಹಿಡಿದೆ. ಬಾಯಿಗೆ ಹಾಕುವ ಮೊದಲೇ ಮೂಗು ಬೇಡ ಎಂದಿತು. ಅದೇನು ದೊಡ್ಡ ನಾತವಲ್ಲ. ಚರಂಡಿಯ ಮೇಲಿನ ಕಲ್ಲು ಸರಿಸಿದರೆ ಬರುತ್ತದಲ್ಲ, ಅದರ ಹತ್ತರಲ್ಲೊಂದು ಪಾಲು. ನೀವಾಗಿದ್ದರೆ ಗಮನಿಸದೆ ಬಾಯಿ ಮುಕ್ಕಳಿಸಿ ಕೆಲಸಕ್ಕೆ ಹೊರಡುತ್ತಿದ್ದಿರೇನೋ. ನಾನೂ ಒಂದು ಕಾಲದಲ್ಲಿ ಹಾಗೆಯೇ ಮಾಡುತ್ತಿದ್ದೆ. ಈಗ ನೀರು ಚೆಲ್ಲಿ, ಬಾಯಿ ತುಂಬ ನೊರೆ ಇಟ್ಟುಕೊಂಡು ಕನ್ನಡಿಯ ಮುಂದೆ ಸುಮ್ಮನೆ ನಿಂತೆ. ಕನ್ನಡಿಯಲ್ಲಿ ಇದ್ದದ್ದು ನನ್ನ ಮುಖ, ನೆನಪಾದದ್ದು ದೊಡ್ಡವ್ವನ ಮೂಗು.

ಆ ಮೂಗಿನ ಪರಿಚಯ ನಿಮಗೆ ಮಾಡಿಕೊಡಬೇಕು. ದೊಡ್ಡವ್ವ ನನ್ನ ತಾಯಿಯ ಅಕ್ಕ. ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ನರ್ಸಬಾಯಿಯಾಗಿ ಮನೆ ಮನೆ ತಿರುಗಿ ನಿವೃತ್ತಳಾದವಳು. ಸೂಜಿ ಚುಚ್ಚಿಸಿಕೊಂಡ ಮಕ್ಕಳು ದೊಡ್ಡವರಾಗಿ, ಅವರ ಮಕ್ಕಳಿಗೂ ಅವಳೇ ಚುಚ್ಚಿದ್ದಳು. ಹಳ್ಳಿಯ ಬಾವಿಯ ಹತ್ತಿರ ನಿಂತು ಒಮ್ಮೆ ಉಸಿರೆಳೆದು, ‘ಬ್ಲೀಚಿಂಗ್ ಹಾಕಿ ಎಷ್ಟ್ ದಿನ ಆತು?’ ಎಂದು ಕೇಳಿದರೆ ಪಂಚಾಯಿತಿಯವರು ಸುಳ್ಳು ಹೇಳಲು ಹೋಗುತ್ತಿರಲಿಲ್ಲವಂತೆ. ಇದನ್ನು ಹೇಳಿದವಳೂ ಅವಳೇ, ಆದರೂ ನಾನು ನಂಬುತ್ತೇನೆ.

ಕೆಲವು ವರ್ಷಗಳ ಹಿಂದೆ ಅವಳು ತನ್ನ ಓಣಿಯ ಹೆಂಗಸರ ಜೊತೆ ದ್ವಾರಕೆ, ಸೋಮನಾಥ ನೋಡಲು ಬಂದವಳು, ಹಿಂದಿರುಗುವಾಗ ಅಹಮದಾಬಾದಿನಲ್ಲಿ ಇಳಿದುಕೊಂಡಳು. ಎಂಟು ದಿನ ಇದ್ದು ಹೋಗುವುದು ಎಂದು ಮಾತಾಗಿತ್ತು. ಆಗ ನಾವಿದ್ದದ್ದು ಬೋಪಾಲಿನಲ್ಲಿ, ನಗರದ ಪಶ್ಚಿಮದ ಅಂಚಿನಲ್ಲಿ, ಎರಡು ಟವರುಗಳ ಒಂದು ವಸತಿ ಸೊಸೈಟಿಯ ಎ ಟವರಿನಲ್ಲಿ. ಬೋಪಾಲ್ ಎಂದರೆ ನಮ್ಮ ಕಡೆಯವರಿಗೆ ಭೋಪಾಲ್ ಎಂದೇ ಕೇಳಿಸುತ್ತದೆ. ದೊಡ್ಡವ್ವ ಓಣಿಯ ತುಂಬ ಹಾಗೆಯೇ ಹೇಳಿ ಬಂದಿದ್ದಳು. ಬಂದ ಮೇಲೂ ಎರಡು ದಿನ ಬಾಲ್ಕನಿಯಲ್ಲಿ ನಿಂತು, ‘ಆ ದೊಡ್ಡ ಕೆರಿ ಯಾ ಕಡೆ ಬರ್ತೈತಿ?’ ಎಂದು ಭೋಪಾಲಿನ ಕೆರೆಯನ್ನು ಹುಡುಕಿದಳು.

ನನ್ನ ಕೆಲಸದ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಮುಂದಿನ ಅವಮಾನ ನಿಮಗೆ ಪೂರ್ತಿ ದಕ್ಕಲಾರದು. ನಾನು ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದೇನೆ. ಉಪಗ್ರಹದಿಂದ ಬಂದ ಚಿತ್ರಗಳನ್ನು ನೋಡಿ ನೆಲದಲ್ಲಿ ಎಷ್ಟು ತೇವ ಇದೆ ಎಂದು ಲೆಕ್ಕ ಹಾಕುವುದು ನನ್ನ ಕಸುಬು. ಅಂದರೆ ನೂರಾರು ಕಿಲೋಮೀಟರ್ ಮೇಲಿನಿಂದ ಯಾರದೋ ಹೊಲದ ನೀರನ್ನು ನೋಡಿ ಹೇಳಬಲ್ಲೆ. ನನ್ನ ಅಡುಗೆಮನೆಯ ನೀರಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೆ: ಗೋಡೆಗೆ ತೂಗುಹಾಕಿದ ಶುದ್ಧೀಕರಣ ಯಂತ್ರದಲ್ಲಿ ಒಂದು ನೀಲಿ ದೀಪ ಉರಿಯುತ್ತದೆ, ಅದು ಉರಿಯುತ್ತಿದ್ದರೆ ಎಲ್ಲ ಸರಿಯಾಗಿದೆ.

ದೊಡ್ಡವ್ವ ಬಂದ ಮರುದಿನವೇ ಮುಖ ತೊಳೆಯಲು ಹೋದವಳು ಹಾಗೆಯೇ ಹೊರಗೆ ಬಂದಳು.

‘ತಮ್ಮಾ, ಈ ನೀರಾಗ ಏನೋ ಐತಿ.’

‘ಏನಿಲ್ಲ ದೊಡ್ಡವ್ವ. ಇಲ್ಲೀ ನೀರು ಹಂಗ. ಕುಡಿಯಾಕ ಮಷೀನ್ ಐತಲ್ಲ’ ಎಂದೆ. ಎಂದವನು ಅಷ್ಟಕ್ಕೇ ಬಿಡಲಿಲ್ಲ. ಯಂತ್ರದ ಮುಂದೆ ಅವಳನ್ನು ನಿಲ್ಲಿಸಿ, ನೀರು ಯಾವ ಪೊರೆಯ ಮೂಲಕ ಹಾಯುತ್ತದೆ, ನೀಲಿ ಬೆಳಕು ಕ್ರಿಮಿಗಳನ್ನು ಹೇಗೆ ಕೊಲ್ಲುತ್ತದೆ ಎಂದು ಹತ್ತು ನಿಮಿಷ ಪಾಠ ಮಾಡಿದೆ. ಅವಳು ಕೈಕಟ್ಟಿ ಕೇಳಿದಳು. ಪಾಠ ಮುಗಿದ ಮೇಲೆ ಕೇಳಿದಳು:

‘ಕುಡಿಯೂದು ಮಷೀನಿಂದ. ಹಲ್ಲು ತಿಕ್ಕೂದು?’

‘ನಲ್ಲೀದು.’

‘ಕೊತ್ತಂಬರಿ, ಸೌತೀಕಾಯಿ ತೊಳಿಯೂದು?’

‘ನಲ್ಲೀದು.’

‘ಬರಫ್ ಮಾಡೂದು?’

ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ವೀಣಾಳ ಮುಖ ನೋಡಿದೆ. ಅವಳು ಫ್ರಿಜ್ಜಿನ ಕಡೆ ನೋಡಿದಳು. ಏಪ್ರಿಲ್ ತಿಂಗಳು, ಅಹಮದಾಬಾದಿನ ಬಿಸಿಲು, ದಿನಕ್ಕೆ ನಾಲ್ಕು ಸಲ ನಿಂಬೆ ಶರಬತ್ತು. ಐಸಿನ ಅಚ್ಚುಗಳನ್ನು ಯಂತ್ರದ ಸಣ್ಣ ಧಾರೆಯಡಿ ಹಿಡಿದು ನಿಲ್ಲುವಷ್ಟು ತಾಳ್ಮೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಉತ್ತರ ಹೊಳೆಯದಿದ್ದಾಗ ವಿಜ್ಞಾನಿಗಳು ಮಾಡುವುದನ್ನೇ ನಾನೂ ಮಾಡಿದೆ. ಇಂಗ್ಲಿಷಿನಲ್ಲಿ ಏನೋ ಹೇಳಿ ಆಫೀಸಿಗೆ ಹೊರಟೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಹೊತ್ತಿಗಾಗಲೇ ಮೂರು ದಿನದಿಂದ ನನ್ನ ಹೊಟ್ಟೆ ಸರಿ ಇರಲಿಲ್ಲ. ಆದರೆ ಅದಕ್ಕೆ ಕಾರಣ ನನಗೆ ಗೊತ್ತಿತ್ತು, ಗೊತ್ತಿದ್ದರಿಂದಲೇ ಬಾಯಿ ಬಿಟ್ಟಿರಲಿಲ್ಲ. ಆಫೀಸಿನ ಗೇಟಿನ ಹೊರಗೆ ಪಾಣಿಪುರಿಯವನು ನಿಲ್ಲುತ್ತಾನೆ. ಅವನ ಹತ್ತಿರ ತಿನ್ನುವುದಿಲ್ಲ ಎಂದು ವೀಣಾಳಿಗೆ ನಾನು ಮಾತು ಕೊಟ್ಟಿದ್ದೆ. ಹಾಗಾಗಿ ಪ್ರತಿ ಸಲ ಬಚ್ಚಲುಮನೆಗೆ ಹೋಗುವಾಗಲೂ ಮೊಬೈಲನ್ನು ಕಿವಿಗಿಟ್ಟುಕೊಂಡು, ಯಾರದೋ ಕರೆ ಬಂದಂತೆ ಮಾತಾಡುತ್ತ ಹೋಗುತ್ತಿದ್ದೆ. ಇಷ್ಟೊಂದು ಬೇಡಿಕೆಯುಳ್ಳ ಅಧಿಕಾರಿಯನ್ನು ವೀಣಾ ಅಲ್ಲಿಯವರೆಗೆ ನೋಡಿರಲಿಲ್ಲ.

ಅದೇ ವಾರ ಲಿಫ್ಟಿನಲ್ಲಿ ಹಂಸಾಬೇನ್ ಸಿಕ್ಕರು. ನಮ್ಮ ಎದುರು ಮನೆಯ ಹಿರಿಯ ಹೆಂಗಸು. ದಿನವೂ ನಗುತ್ತ ಮಾತಾಡುವವರು ಅಂದು ಬಾಡಿದ್ದರು. ಏನಾಯಿತೆಂದು ಕೇಳಿದ್ದಕ್ಕೆ, ‘ತಮಾರಾ ಕಾಕಾನೇ ಝಾಡಾ ಥಯಾ ಛೆ’ ಎಂದರು. ಕಾಕಾ ಎಂದರೆ ಅವರ ಗಂಡ. ಬಾಲ್ಕನಿಯ ತುಂಬ ಕುಂಡಗಳನ್ನಿಟ್ಟುಕೊಂಡ ಮನುಷ್ಯ. ಗುಜರಾತಿಯಲ್ಲಿ ಝಾಡ್ ಎಂದರೆ ಗಿಡ, ಅಷ್ಟು ನನಗೆ ಬರುತ್ತಿತ್ತು. ಹಾಗಾಗಿ ಮನಸ್ಸು ತುಂಬಿ ಹಿಂದಿಯಲ್ಲಿ ಹೇಳಿದೆ: ‘ಬಹಳ ಸಂತೋಷ. ಈ ಬಿಸಿಲಿಗೆ ಅದು ಬೇಕೇ ಬೇಕು. ಸ್ವಲ್ಪ ಹೆಚ್ಚಾದರೆ ನಮ್ಮ ಮನೆಗೂ ಒಂದೆರಡು ಕೊಡಿ.’ ಹಂಸಾಬೇನ್ ನನ್ನನ್ನು ಒಂದು ಕ್ಷಣ ದಿಟ್ಟಿಸಿ, ತಮ್ಮದಲ್ಲದ ಮಹಡಿಯಲ್ಲಿ ಇಳಿದು ಹೋದರು.

ದೊಡ್ಡವ್ವನಿಗೆ ಹಿಂದಿ ಬಾರದು, ಗುಜರಾತಿ ಕೇಳಿಯೇ ಗೊತ್ತಿಲ್ಲ. ಹಗಲು ಹೊತ್ತು ನಾನು ಆಫೀಸಿನಲ್ಲಿ, ವೀಣಾ ತಾನು ಪಾಠ ಹೇಳುವ ಶಾಲೆಯಲ್ಲಿ, ನಮ್ಮ ಮಗಳು ಸಿರಿ ಎರಡನೇ ತರಗತಿಯಲ್ಲಿ. ಒಬ್ಬಳೇ ಮನೆಯಲ್ಲಿ ಬೇಸರವಾಗುತ್ತದೇನೋ ಎಂದು ನಾವು ಮರುಗುತ್ತಿದ್ದೆವು. ನಾಲ್ಕನೆಯ ದಿನ ಬಂದು ನೋಡಿದರೆ ಅವಳು ಇಡೀ ಟವರಿನ ಮನೆಗಳಲ್ಲಿ ಚಹ ಕುಡಿದು ಬಂದಿದ್ದಳು.

‘ಯಾರ ಜೊತೆ ಹೋಗಿದ್ದಿ ದೊಡ್ಡವ್ವ?’

‘ಯಾರ ಜೊತಿ ಯಾಕ? ಅವರ ಕರೀತಾರಲ್ಲ. ಬಾಗಲಾ ತಗದು ನನ್ನ ನೋಡಿದ ಕೂಡಲೆ ಎಲ್ಲಾರೂ ‘ಬಾ, ಬಾ’ ಅಂತಾರ. ಬಹಳ ಚಲೋ ಮಂದಿ ನೋಡು. ನಮ್ಮ ಓಣ್ಯಾಗೂ ಇಷ್ಟ್ ಕರ್ಯಾಂಗಿಲ್ಲ.’

ಗುಜರಾತಿಯಲ್ಲಿ ವಯಸ್ಸಾದ ತಾಯಿಯನ್ನು ‘ಬಾ’ ಎಂದು ಕರೆಯುತ್ತಾರೆ. ಅವರು ಗೌರವದಿಂದ ‘ಅಮ್ಮಾ’ ಎಂದರೆ, ಇವಳು ಆಹ್ವಾನವೆಂದು ತಿಳಿದು ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದಳು. ಒಳಗೆ ಬಂದ ಅಮ್ಮನಿಗೆ ಚಹ ಕೊಡದೆ ಕಳಿಸುವ ಮನೆ ಆ ಊರಿನಲ್ಲಿಲ್ಲ. ವೀಣಾ ನಿಜ ಹೇಳಲು ಬಾಯಿ ತೆರೆದಳು. ನಾನು ಕಣ್ಸನ್ನೆ ಮಾಡಿ ತಡೆದೆ.

‘ಅದಿರಲಿ. ಹಂಸಾನ ಗಂಡಗ ಝಾಡಾ ಅಂತ, ಗೊತ್ತೈತೇನು?’ ಎಂದಳು ದೊಡ್ಡವ್ವ.

‘ಹೌದು. ಗಿಡ. ಝಾಡ್ ಅಂದ್ರ ಗಿಡ ದೊಡ್ಡವ್ವ.’

‘ಗಿಡ ಬೆಳಸಿದವರು ಹೊಟ್ಟಿ ಹಿಡಕೊಂಡು ಮೂಲ್ಯಾಗ ಕೂಡೂದಿಲ್ಲಪಾ. ಝಾಡಾ ಅಂದ್ರ ಭೇದಿ. ಹಂಸಾ ಕೈಮಾಡಿ ತಿಳಿಸಿ ಹೇಳಿದ್ಳು.’

ಲಿಫ್ಟಿನಲ್ಲಿ ನಾನು ಆಡಿದ ಮಾತುಗಳು ಒಂದೊಂದಾಗಿ ನೆನಪಿಗೆ ಬಂದವು. ಇನ್ನು ಮುಂದೆ ಮೆಟ್ಟಿಲು ಹತ್ತಿಯೇ ಬರುವುದೆಂದು ನಿರ್ಧರಿಸಿದೆ.

ದೊಡ್ಡವ್ವನಿಗೆ ಮಾತ್ರ ಬೇಕಾದ ಪದ ಸಿಕ್ಕಂತಾಗಿತ್ತು. ಮೂವತ್ತು ವರ್ಷ ಅವಳು ಹಳ್ಳಿಯ ಬಾಗಿಲುಗಳಲ್ಲಿ ನಿಂತು ಕೇಳಿದ್ದೇ ಆ ಪ್ರಶ್ನೆಯನ್ನು. ಈಗ ಹಂಸಾಬೇನರನ್ನು ಜೊತೆಗಿಟ್ಟುಕೊಂಡು ಎರಡೂ ಟವರುಗಳ ಬಾಗಿಲು ತಟ್ಟತೊಡಗಿದಳು. ಅವರು ಗುಜರಾತಿಯಲ್ಲಿ ಪೀಠಿಕೆ ಹಾಕಿ ನಾಚಿಕೊಂಡು ನಿಲ್ಲುವರು. ಇವಳು ಮುಂದೆ ಬಂದು, ‘ಝಾಡಾ?’ ಎಂದು ಕೇಳಿ ಬೆರಳುಗಳನ್ನು ಎತ್ತುವಳು. ಎಷ್ಟು ಜನಕ್ಕೆ, ಎಷ್ಟು ದಿನದಿಂದ. ಇಷ್ಟು ನೇರವಾಗಿ ಕೇಳಿದವರಿಗೆ ಸುಳ್ಳು ಹೇಳುವುದು ಕಷ್ಟ. ಎದುರು ಮನೆಯವರಿಂದ, ಕೆಲವೆಡೆ ಗಂಡಂದಿರಿಂದಲೂ ಮುಚ್ಚಿಟ್ಟದ್ದನ್ನು ಭಾಷೆ ಬಾರದ ಈ ಮುದುಕಿಯ ಮುಂದೆ ಹೆಂಗಸರು ಬೆರಳಿನಲ್ಲಿ ಎಣಿಸಿ ತೋರಿಸಿದರು.

ಸಿರಿಯ ಚಿತ್ರದ ಹಾಳೆಯ ಬೆನ್ನಿಗೆ ಅವಳು ಎರಡು ಟವರುಗಳನ್ನು ಬರೆದು, ಮಹಡಿಗೆ ನಾಲ್ಕರಂತೆ ಚೌಕ ಹಾಕಿದಳು. ಹೊಟ್ಟೆ ಕೆಟ್ಟ ಪ್ರತಿಯೊಬ್ಬರಿಗೂ ಆಯಾ ಮನೆಯ ಚೌಕದಲ್ಲಿ ವೀಣಾಳ ಡಬ್ಬಿಯಿಂದ ಹಣೆಯ ಟಿಕಳಿ ಒಂದನ್ನು ತೆಗೆದು ಅಂಟಿಸಿದಳು. ಮೂರು ದಿನದಲ್ಲಿ ಎ ಟವರು ಮದುವೆಗೆ ಹೊರಟ ಹಾಗೆ ಕೆಂಪಾಯಿತು. ಬಿ ಟವರಿನಲ್ಲಿ ಇದ್ದದ್ದು ಒಂದೇ ಟಿಕಳಿ. ಅದಕ್ಕೂ ಅವಳು ಕಾರಣ ಕಂಡುಹಿಡಿದಿದ್ದಳು. ಆ ಮನೆಯ ಹುಡುಗಿ ದಿನಾ ಮಧ್ಯಾಹ್ನ ಎ ಟವರಿನ ತನ್ನ ಅಕ್ಕನ ಮನೆಗೆ ಊಟಕ್ಕೆ ಬರುತ್ತಾಳೆ. ಎ ಟವರಿನಲ್ಲಿ ಮೂರನೆಯ ಮಹಡಿಯ ಒಂದು ಚೌಕ ಮಾತ್ರ ಖಾಲಿ ಉಳಿದಿತ್ತು. ಅಲ್ಲಿದ್ದದ್ದು ಒಬ್ಬ ಜೈನ ಅಜ್ಜ, ಅಜ್ಜಿ. ಅವರು ವ್ರತದವರು, ಕುದಿಸಿ ಆರಿಸಿದ ನೀರನ್ನು ಬಿಟ್ಟು ಬೇರೆ ನೀರು ಮುಟ್ಟುವುದಿಲ್ಲ.

‘ನೋಡು’ ಎಂದು ಹಾಳೆಯನ್ನು ನನ್ನ ಮುಂದೆ ಹಿಡಿದಳು. ‘ಎರಡೂ ಟವರಿಗೆ ನೆಲದಾಗ ಬ್ಯಾರೆ ಬ್ಯಾರೆ ಟಾಕಿ ಅದಾವ. ನಮ್ಮ ಟಾಕಿ ನೀರು ಕೆಟ್ಟೈತಿ. ಇನ್ನೇನ್ ಬೇಕು ನಿನಗ?’

ನನ್ನಂಥ ಓದಿದವನಿಗೆ ಇನ್ನೂ ಏನೇನೋ ಬೇಕಿತ್ತು. ಇಷ್ಟು ಸಣ್ಣ ಮಾದರಿಯಿಂದ ತೀರ್ಮಾನಕ್ಕೆ ಬರಬಾರದೆಂದೆ. ಬೇಸಿಗೆಯಲ್ಲಿ ಹೊಟ್ಟೆ ಕೆಡುವುದು ಸಹಜವೆಂದೆ. ನಮ್ಮ ಚೌಕದ ಕಡೆ ಕಣ್ಣು ಹಾಯಿಸದೆಯೇ, ‘ನಮ್ಮ ಮನ್ಯಾಗ ಯಾರಿಗೂ ಏನೂ ಆಗಿಲ್ಲಲ್ಲ’ ಎಂದೂ ಹೇಳಿದೆ. ಹಾಗೆ ಹೇಳುವಾಗ ಹೊಟ್ಟೆಯಲ್ಲಿ ಗುಡುಗಿತು. ದೊಡ್ಡವ್ವ ನನ್ನ ಹೊಟ್ಟೆಯ ಕಡೆ ನೋಡಿ ಹಾಳೆ ಮಡಚಿಟ್ಟಳು.

ಶನಿವಾರ ಬೆಳಿಗ್ಗೆ ಸಿರಿ ಎದ್ದವಳೇ ವಾಂತಿ ಮಾಡಿದಳು.

ಮೊದಲು ಒಂದು ಸಲ, ಆಮೇಲೆ ಮತ್ತೊಂದು ಸಲ, ಆಮೇಲೆ ಎರಡೂ ಕಡೆಯಿಂದ. ಹತ್ತು ಗಂಟೆಯ ಹೊತ್ತಿಗೆ ಮಂಚದ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದಳು. ದಿನವಿಡೀ ಇಂಗ್ಲಿಷ್, ಗುಜರಾತಿ ಬೆರೆಸಿ ವಟಗುಟ್ಟುವ ಹುಡುಗಿ, ನಾನು ಕರೆದರೆ ಬರೀ ಕಣ್ಣು ತೆರೆದು ಮುಚ್ಚಿದಳು. ತುಟಿ ಒಣಗಿತ್ತು. ನಾನು ಕಾರಿನ ಕೀಲಿಗಾಗಿ ಮನೆಯೆಲ್ಲ ಹುಡುಕುತ್ತಿದ್ದೆ. ಕೀಲಿ ನನ್ನ ಕೈಯಲ್ಲೇ ಇತ್ತು.

ದೊಡ್ಡವ್ವ ಮಂಚದ ಅಂಚಿನಲ್ಲಿ ಕೂತಳು. ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟು, ಅದು ಎಷ್ಟು ಬೇಗ ಕೆಳಗಿಳಿಯುತ್ತದೆ ಎಂದು ನೋಡಿದಳು. ತನ್ನ ಯಾತ್ರೆಯ ಚೀಲದಿಂದ ಓಆರ್‌ಎಸ್ ಪೊಟ್ಟಣ ತೆಗೆದಳು. ಬಂದ ದಿನದಿಂದ ತನಗಾಗಿ ಬೇರೆ ಕುದಿಸಿ ಆರಿಸಿಟ್ಟುಕೊಳ್ಳುತ್ತಿದ್ದ ನೀರಿನಲ್ಲಿ ಅದನ್ನು ಕದಡಿ, ಚಮಚದಿಂದ ಒಂದೊಂದೇ ಗುಟುಕು ಕುಡಿಸಲು ಶುರು ಮಾಡಿದಳು.

‘ಒಮ್ಮಿಗೇ ಕುಡಿಸಬ್ಯಾಡ ವೀಣಾ, ಕಾರ್ತಾಳ. ಒಂದ್ ಚಮಚೆ, ಸ್ವಲ್ಪ ತಡಿ, ಮತ್ತೊಂದ್ ಚಮಚೆ. ದಾರ್ಯಾಗೂ ಹಿಂಗ ಹಾಕ್ಕೋತ ಹೋಗೂಣು. ತಮ್ಮಾ, ನೀ ಗಾಡಿ ತಗಿ. ಕೈಯಾಗ ಐತಿ ನೋಡು ಕೀಲಿ.’

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಸಂಜೆಯವರೆಗೆ ಇಟ್ಟುಕೊಂಡರು. ಗ್ಲೂಕೋಸು ಹಾಕುವ ಪ್ರಸಂಗ ಬರಲಿಲ್ಲ. ಮೊದಲಿನಿಂದಲೇ ದ್ರವ ಕುಡಿಸುತ್ತ ಬಂದದ್ದು ಒಳ್ಳೆಯದಾಯಿತು ಎಂದು ದೊಡ್ಡವ್ವನ ಕಡೆ ಕೈಮಾಡಿ ಹೇಳಿದರು. ಮಧ್ಯಾಹ್ನ ಸಿರಿಗೆ ನಿದ್ದೆ ಹತ್ತಿದ ಮೇಲೆ ನಾವು ಮೂವರೂ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ನನಗೆ ತಡೆಯಲಾಗಲಿಲ್ಲ.

‘ವೀಣಾ, ನನಗೂ ಒಂದು ವಾರದಿಂದ ಹೊಟ್ಟೆ ಸರಿಯಿಲ್ಲ. ಪಾಣಿಪುರಿಯದೆಂದು ಸುಮ್ಮನಿದ್ದೆ.’

ವೀಣಾ ಸಿಟ್ಟಾಗಲಿಲ್ಲ. ಸೀರೆಯ ಸೆರಗು ತಿರುವುತ್ತ, ‘ನನಗೂ’ ಎಂದಳು. ‘ಶಾಲೆಯಲ್ಲಿ ಒಬ್ಬರ ಬೀಳ್ಕೊಡುಗೆ ಇತ್ತಲ್ಲರೀ, ಅಲ್ಲಿ ಐಸ್‌ಕ್ರೀಮ್ ಎರಡು ಸಲ ಹಾಕಿಸಿಕೊಂಡೆ. ಸಕ್ಕರೆ ಕಡಿಮೆ ಮಾಡ್ತೀನಿ ಅಂತ ನಿಮಗೆ ಹೇಳಿದ್ದೆನಲ್ಲ, ಅದಕ್ಕೇ...’

ದೊಡ್ಡವ್ವ ನಮ್ಮಿಬ್ಬರನ್ನೂ ನೋಡಿದಳು. ‘ನಿಮ್ಮಿಬ್ಬರ ಟಿಕಳಿ ನಾ ಬುಧವಾರನ ಹಚ್ಚೀನಿ’ ಎಂದಳು. ‘ಒಂದು ಮನ್ಯಾಗಿನ ಇಬ್ಬರು ಒಬ್ಬರಿಗೊಬ್ಬರು ಹೇಳೂದಿಲ್ಲ. ಇಷ್ಟ್ ಮನಿ ಮಂದಿ ಹೆಂಗ್ ಹೇಳಬೇಕು? ಎಲ್ಲಾರೂ ತಮ್ಮದ ತಪ್ಪು ಅಂತ ತಿಳಕೊಂಡು ಸುಮ್ಮನ ಅದಾರ. ನೀರು ಆರಾಮ ಐತಿ.’

ಆ ಸಂಜೆಯಿಂದ ನಮ್ಮ ಅಡುಗೆಮನೆ ಅವಳ ಆಳ್ವಿಕೆಗೆ ಬಂತು. ಐಸನ್ನೆಲ್ಲ ಮೋರಿಗೆ ಸುರಿದಳು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಲು ನನ್ನನ್ನು ನಿಲ್ಲಿಸಿದಳು. ಬಿಸಿಯಾಯಿತೆಂದು ನಾನು ಒಲೆ ಆರಿಸಲು ಹೋದರೆ, ‘ಇದು ಜಳಕದ ನೀರಲ್ಲ. ಗುಳ್ಳಿ ಎದ್ದು ತಳಪಳ ಕುದೀಬೇಕು. ಕುದಿ ಬಂದ ಮ್ಯಾಲೂ ಒಂದೆರಡು ನಿಮಿಷ ಬಿಡು’ ಎಂದಳು. ಆರಿದ ನೀರಿಗೆ ಮುಚ್ಚಳ, ತೆಗೆಯಲು ಉದ್ದ ಹಿಡಿಕೆಯ ಸೌಟು, ಒಳಗೆ ಯಾರೂ ಕೈ ಅದ್ದುವಂತಿಲ್ಲ. ಹಲ್ಲುಜ್ಜಲೂ ಅದೇ ನೀರು, ಹಸಿಯಾಗಿ ತಿನ್ನುವ ತರಕಾರಿ ತೊಳೆಯಲೂ ಅದೇ. ಕೈ ತೊಳೆಯಲು ಸೋಪು ಕಡ್ಡಾಯ, ಬಚ್ಚಲಿನಿಂದ ಬಂದಾಗ ಅವಳೇ ಬಾಗಿಲಲ್ಲಿ ನಿಂತು ಬೆರಳ ಸಂದಿ ನೋಡುವಳು. ನಲವತ್ತು ದಾಟಿದ ಮೇಲೆ ಅಂಗೈ ತೋರಿಸಿ ನಿಲ್ಲುವುದು ಅಷ್ಟು ಸುಲಭವಲ್ಲ.

ಯಂತ್ರದ ದುರಸ್ತಿಯವನು ಬಂದು ಮುಚ್ಚಳ ಬಿಚ್ಚಿದಾಗ ನಾನು ಹತ್ತಿರವೇ ಇದ್ದೆ. ಒಳಗಿನ ಬಿಳಿಯ ಸೋಸುಬತ್ತಿ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷದಿಂದ ಬದಲಾಯಿಸಿಲ್ಲ ಎಂದ. ‘ನೀಲಿ ದೀಪ ಉರಿಯುತ್ತಿತ್ತಲ್ಲ’ ಎಂದೆ. ‘ಕರೆಂಟ್ ಇದ್ದರೆ ಅದು ಉರಿಯುತ್ತದೆ ಸಾಹೇಬ್ರೆ’ ಎಂದ ಅವನು ಹಿಂದಿಯಲ್ಲಿ. ನಾನು ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ಆಕಾಶ ನೋಡಿದೆ.

ಭಾನುವಾರ ಸಂಜೆ ಸೊಸೈಟಿಯ ಸಭೆ. ಹಂಸಾಬೇನರೇ ಒತ್ತಾಯ ಮಾಡಿ ಕರೆಸಿದ್ದರು. ಚೇರ್ಮನ್ ಪ್ರವೀಣಭಾಯಿ ಬಟ್ಟೆಯ ವ್ಯಾಪಾರದಿಂದ ನಿವೃತ್ತರಾದವರು, ಸೊಸೈಟಿಯನ್ನು ತಮ್ಮ ಅಂಗಡಿಯಂತೆ ಪ್ರೀತಿಸುವ ಮನುಷ್ಯ. ಆ ತಿಂಗಳಷ್ಟೇ ಮುಂದಾಳತ್ವ ವಹಿಸಿ ಅಂಗಳಕ್ಕೆಲ್ಲ ಕೆಂಪು, ಹಳದಿ ಪೇವರ್ ಬ್ಲಾಕ್ ಹಾಕಿಸಿದ್ದರು. ಅದರ ಮೇಲೆ ಯಾರಾದರೂ ಉಗುಳಿದರೆ ತಮ್ಮ ಅಂಗಿಯ ಮೇಲೆ ಉಗುಳಿದಷ್ಟೇ ನೋವು. ನೀರಿನ ಮಾತೆತ್ತಿದ ಕೂಡಲೇ ಅವರು ಎದ್ದು, ತೋಟದ ನಲ್ಲಿಯಿಂದ ಒಂದು ಗ್ಲಾಸು ನೀರು ಹಿಡಿದು ತಂದರು. ಅದೂ ಎ ಟವರಿನ ಟಾಕಿಯದೇ.

‘ಪಾಣಿ ಏಕ್ದಮ್ ಚೋಖ್ಖು ಛೆ’ ಎಂದರು. ನೀರು ಪೂರ್ತಿ ಸ್ವಚ್ಛವಾಗಿದೆ. ಹಾಗೆಂದು ಎಲ್ಲರ ಎದುರಿಗೆ ಅರ್ಧ ಗ್ಲಾಸು ಕುಡಿದು, ಉಳಿದರ್ಧವನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೆಲವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದವರ ಮನೆಯ ಚೌಕಗಳಲ್ಲಿ ಎಷ್ಟೆಷ್ಟು ಟಿಕಳಿ ಇವೆಯೆಂದು ನನಗೆ ಗೊತ್ತಿತ್ತು.

ದೊಡ್ಡವ್ವ ಎದ್ದು ಹೋಗಿ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಜನ ಸುತ್ತ ಬಂದು ಬಗ್ಗಿ ನೋಡಿದರು. ತಂತಮ್ಮ ಮನೆಯ ಚೌಕ ಗುರುತು ಹಿಡಿದ ಮೇಲೆ ಒಬ್ಬೊಬ್ಬರೇ ಹಿಂದೆ ಸರಿದರು. ಪ್ರವೀಣಭಾಯಿ ಇದೇನೆಂದು ಕೇಳಿದರು. ದೊಡ್ಡವ್ವ ನನ್ನ ಕಡೆ ತಿರುಗಿದಳು.

‘ನೀ ಹೇಳು ತಮ್ಮಾ. ಮೊದಲ ನಿನ್ನ ಮನೀದು ಹೇಳು.’

ಸಮ್ಮೇಳನಗಳಲ್ಲಿ ನಾನು ಎಷ್ಟೋ ಸಲ ಎದ್ದು ನಿಂತು ಮಾತಾಡಿದ್ದೇನೆ. ಅಂದು ಮಾತ್ರ ಮೇಜಿನ ಹತ್ತಿರ ಹೋಗಿ ಮೊದಲು ನಮ್ಮ ಚೌಕದ ಮೇಲೆ ಬೆರಳಿಡಬೇಕಾಯಿತು. ನನ್ನ ಹರಕು ಹಿಂದಿಯಲ್ಲಿ ಹೇಳಿದೆ: ‘ಈ ಮೂರು ಟಿಕಳಿ ನನ್ನ ಮನೆಯವು. ಒಂದು ನನ್ನದು. ಒಂದು ವಾರದಿಂದ ಭೇದಿ. ಪಾಣಿಪುರಿ ತಿಂದದ್ದರಿಂದ ಎಂದು ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಒಂದು ನನ್ನ ಹೆಂಡತಿಯದು. ಒಂದು ನನ್ನ ಏಳು ವರ್ಷದ ಮಗಳದು. ಅವಳು ಪಾಣಿಪುರಿಯನ್ನೂ ತಿಂದಿಲ್ಲ, ಐಸ್‌ಕ್ರೀಮನ್ನೂ ತಿಂದಿಲ್ಲ. ನಿನ್ನೆ ಆಸ್ಪತ್ರೆಯಲ್ಲಿದ್ದಳು. ನಾನು ಮೊದಲೇ ಬಾಯಿ ಬಿಟ್ಟಿದ್ದರೆ ಅವಳು ಅಲ್ಲಿಗೆ ಹೋಗಬೇಕಾಗಿರಲಿಲ್ಲ.’

ಕೊನೆಯ ಮಾತು ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಅದು ಹೇಗೋ ಬಂತು. ಕೂತುಬಿಟ್ಟೆ.

ಹಂಸಾಬೇನ್ ಎದ್ದರು. ಹಾಳೆಯ ಮೇಲೆ ಬೆರಳಿಟ್ಟು, ಇದು ನಮ್ಮ ಯಜಮಾನರದು, ಮದುವೆಮನೆಯ ಊಟ ಅಂದುಕೊಂಡಿದ್ದೆ ಎಂದರು. ಅವರ ಹಿಂದೆ ಐದನೆಯ ಮಹಡಿಯವರು ಎದ್ದರು, ಮಾವಿನಹಣ್ಣಿನ ಮೇಲೆ ತಪ್ಪು ಹೊರಿಸಿದ್ದರು. ಇನ್ನೊಬ್ಬರು ಅತ್ತೆಯ ಅಡುಗೆಯ ಮೇಲೆ ಹೊರಿಸಿದ್ದರು, ಅತ್ತೆ ಅಲ್ಲೇ ಕೂತಿದ್ದರು. ಸಭೆ ಒಂದು ಥರದ ತಪ್ಪೊಪ್ಪಿಗೆಯ ಸಂತೆಯಾಯಿತು. ಎಲ್ಲ ಮುಗಿಯುವಾಗ ಹಿಂದಿನ ಸಾಲಿನಿಂದ ಪ್ರವೀಣಭಾಯಿಯ ಹೆಂಡತಿ ತಣ್ಣಗೆ ಹೇಳಿದರು: ‘ಏಳನೇ ಮಹಡಿಯ ಟಿಕಳಿ ಇವರದೇ. ಬುಧವಾರದಿಂದ. ಬಾ ಕೇಳಿದರು, ನಾನು ಹೇಳಿದೆ.’

ಪ್ರವೀಣಭಾಯಿ ಕೈಯಲ್ಲಿದ್ದ ಅರ್ಧ ಗ್ಲಾಸನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸುತ್ತ ನೋಡಿದರು. ದೊಡ್ಡವ್ವ ಹೋಗಿ ಅದನ್ನು ಇಸಿದುಕೊಂಡು ಹೂಕುಂಡಕ್ಕೆ ಸುರಿದಳು.

ಆ ಮನುಷ್ಯನ ಬಗ್ಗೆ ನಾನು ಕೆಟ್ಟದ್ದು ಹೇಳಲಾರೆ. ಮರುದಿನ ಬೆಳಿಗ್ಗೆ ಪ್ಲಂಬರನ್ನು ಕರೆಸಿ, ತಮ್ಮ ಪ್ರಾಣವಾದ ಪೇವರ್ ಬ್ಲಾಕುಗಳನ್ನು ತಾವೇ ಕಬ್ಬಿಣದ ಹಾರೆಯಿಂದ ಮೀಟಿ ತೆಗೆದರು. ಕೆಳಗೆ, ಟಾಕಿಗೆ ನೀರು ತರುವ ಪೈಪು ಗಟಾರದ ಗುಂಡಿಯ ಪಕ್ಕದಲ್ಲೇ ಹಾದುಹೋಗಿತ್ತು. ಬ್ಲಾಕು ಕೂರಿಸುವಾಗ ಬಡಿದ ಪೆಟ್ಟಿಗೆ ಎರಡೂ ಬಿರುಕುಬಿಟ್ಟಿದ್ದವು. ನೀರು ಬಿಡದ ಹೊತ್ತಿನಲ್ಲಿ ಪೈಪು ಖಾಲಿಯಾಗಿ, ಗಟಾರದಿಂದ ಜಿನುಗಿದ್ದನ್ನು ಒಳಗೆಳೆದುಕೊಳ್ಳುತ್ತಿತ್ತು. ಪ್ಲಂಬರ್ ಇದನ್ನು ವಿವರಿಸುವಾಗ ಸುತ್ತ ನಿಂತವರೆಲ್ಲ ಕಳೆದ ಮೂರು ವಾರ ತಾವು ಏನೇನು ಕುಡಿದೆವೆಂದು ಮನಸ್ಸಿನಲ್ಲೇ ನೆನೆಸಿಕೊಳ್ಳುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ಒಬ್ಬರು ಮೆಲ್ಲಗೆ ಪೊದೆಯ ಹಿಂದೆ ಹೋದರು.

ಪೈಪು ಬದಲಾಯಿತು. ಟಾಕಿ ಖಾಲಿ ಮಾಡಿ, ತಿಕ್ಕಿ ತೊಳೆದು ಬ್ಲೀಚಿಂಗ್ ಹಾಕಿದರು. ಆರೋಗ್ಯ ಇಲಾಖೆಯವರು ಬಂದು ಸಣ್ಣ ಶೀಶೆಯಲ್ಲಿ ನೀರು ಹಿಡಿದು ಎರಡು ಹನಿ ಔಷಧಿ ಬಿಟ್ಟರು. ನೀರು ಹಳದಿಯಾದರೆ ಅದರಲ್ಲಿ ಕ್ಲೋರಿನ್ ಇದೆಯೆಂದು ಅರ್ಥ. ಅದು ಹಳದಿಯಾದಾಗ ದೊಡ್ಡವ್ವ ಮೂಗಿನ ಹತ್ತಿರ ತಂದು ಮೂಸಿ ನೋಡಿ, ಆಮೇಲೆ ತಲೆಯಾಡಿಸಿದಳು. ಇಲಾಖೆಯವರೂ ಅವಳ ಒಪ್ಪಿಗೆಗೆ ಕಾದವರಂತೆ ನಿಂತಿದ್ದರು. ಆದರೂ ಪ್ರಯೋಗಾಲಯದಿಂದ ಚೀಟಿ ಬರುವವರೆಗೆ ಇಡೀ ಟವರು ನೀರು ಕುದಿಸಬೇಕೆಂದು ಅವಳ ಆಜ್ಞೆಯಾಯಿತು. ಮೂರನೆಯ ಮಹಡಿಯ ಜೈನ ಅಜ್ಜಿ, ಕುದಿಸಿದ ನೀರನ್ನು ಬೇಗ ಆರಿಸುವುದು ಹೇಗೆಂದು ಮನೆ ಮನೆಗೆ ಹೇಳಿಕೊಟ್ಟರು.

ಮೂರು ವಾರದ ನಂತರ ಪ್ರವೀಣಭಾಯಿಯ ಕಣ್ಣುಗಳು ಹಳದಿಯಾದವು. ಕಾಮಾಲೆ. ಆ ಅರ್ಧ ಗ್ಲಾಸಿನಿಂದ ಬಂತೋ, ಅದಕ್ಕೂ ಮೊದಲು ಕುಡಿದದ್ದರಿಂದಲೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಎಂಟು ದಿನಕ್ಕೆಂದು ಬಂದ ದೊಡ್ಡವ್ವ ಎರಡನೆಯ ಸಲ ಟಿಕೆಟ್ ಮುಂದಕ್ಕೆ ಹಾಕಿಸಿದಳು. ದಿನಾ ಏಳನೆಯ ಮಹಡಿಗೆ ಹೋಗಿ ಅವರ ಕಣ್ಣಿನ ರೆಪ್ಪೆ ಎಳೆದು ನೋಡುವಳು. ಯಾರೋ ಹಿತೈಷಿ ರಸ್ತೆಬದಿಯ ಗಾಡಿಯಿಂದ ಕಬ್ಬಿನ ಹಾಲು ತಂದಾಗ ಬಾಗಿಲಲ್ಲೇ ತಡೆದಳು. ‘ಇದರಾಗಿನ ಬರಫ್ ಯಾ ನೀರಿಂದು?’ ಎಂದು ಕನ್ನಡದಲ್ಲೇ ಕೇಳಿದಳಂತೆ. ತಂದವನಿಗೆ ಅರ್ಥವಾಗಲಿಲ್ಲ, ಆದರೂ ಅದನ್ನು ವಾಪಸು ಒಯ್ದ. ಪ್ರವೀಣಭಾಯಿ ಮೆತ್ತನೆಯ ಅನ್ನ, ಬೇಳೆ ತಿಂದು ತಿಂಗಳೊಪ್ಪತ್ತಿನಲ್ಲಿ ಎದ್ದು ಓಡಾಡಿದರು.

ಅವಳು ಹೊರಟ ದಿನ ಎ ಟವರಿನ ಹೆಂಗಸರೆಲ್ಲ ಗೇಟಿನ ತನಕ ಬಂದರು. ಪ್ರವೀಣಭಾಯಿ ಸ್ವಲ್ಪ ಇಳಿದುಹೋಗಿದ್ದರು. ಕೈಮುಗಿದು ‘ಬಾ’ ಎಂದರು.

‘ನಾ ಬಂದದ್ದಾತು, ಈಗ ನೀ ಬಾ ಧಾರವಾಡಕ್ಕ’ ಎಂದಳು ದೊಡ್ಡವ್ವ. ಅವರಿಗೆ ಏನೆಂದು ಅರ್ಥವಾಯಿತೋ, ಬಗ್ಗಿ ಅವಳ ಪಾದ ಮುಟ್ಟಿದರು. ರೈಲು ಹತ್ತಿಸುವಾಗ ನಾನು ಅವಳಿಗೆ ಆ ಪದದ ಗುಜರಾತಿ ಅರ್ಥ ಹೇಳಿದೆ. ಅವಳು, ‘ಹಂಗಾದ್ರ ಯಾರೂ ಕರೀಲಾರದ ನಾ ಇಷ್ಟ್ ಮನಿಗೆ ಹೋಗಿ ಬಂದೆ’ ಎಂದು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಅವಳು ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೋದ ವಾರದ ಬೆಳಿಗ್ಗೆಗೆ ಮರಳಿ ಬರುತ್ತೇನೆ. ನಮ್ಮ ಮನೆಯಲ್ಲಿ ಅಂದಿನಿಂದಲೂ ಕುಡಿಯಲು ಕುದಿಸಿದ ನೀರು ತಪ್ಪಿಲ್ಲ, ಹಲ್ಲುಜ್ಜಲು ಮಾತ್ರ ಮತ್ತೆ ನಲ್ಲಿಗೆ ಮರಳಿದ್ದೆವು. ಆ ಕುದಿಸಿದ ನೀರಿನಲ್ಲಿ ಬಾಯಿ ತೊಳೆದು, ವೀಣಾಳಿಗೆ ನಲ್ಲಿ ಮುಟ್ಟಬೇಡವೆಂದು ಹೇಳಿದೆ. ಅಲ್ಲಿಗೆ ನನ್ನ ಮನೆಯ ಕೆಲಸ ಮುಗಿದಂತೆಯೇ ಇತ್ತು. ಆದರೆ ಕಾಲು ನಿಲ್ಲಲಿಲ್ಲ. ಪೈಜಾಮದಲ್ಲೇ ಹೊರಗೆ ಬಂದು ಎದುರು ಮನೆಯ ಗಂಟೆ ಒತ್ತಿದೆ.

ಬಾಗಿಲು ತೆರೆದವರು ನಿವೃತ್ತ ಪ್ರೊಫೆಸರು. ಬಂದು ಎರಡು ತಿಂಗಳಾದರೂ ನಮ್ಮ ನಡುವೆ ಇದ್ದದ್ದು ತಲೆಯಾಡಿಸುವಷ್ಟು ಪರಿಚಯ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಡಚಿದ ಪತ್ರಿಕೆ. ಅಂಥವರನ್ನು ನಾನು ಬೆಳಿಗ್ಗೆ ಏಳು ಗಂಟೆಗೆ ಕೇಳಿದೆ: ‘ಕ್ಷಮಿಸಿ, ನಲ್ಲಿ ನೀರಿನಲ್ಲಿ ವಾಸನೆ ಬರುತ್ತಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿದೆಯೇ?’

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆಮೇಲೆ ಒಳಗೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ತಿರುಗಿ ನೋಡಿ, ದನಿ ತಗ್ಗಿಸಿದರು.

‘ಎರಡು ದಿನದಿಂದ. ಆದರೆ ಅದು ನಾನು ಹೊರಗೆ ತಿಂದ ದಾಬೇಲಿಯದು. ಮನೆಯಲ್ಲಿ ಹೇಳಿಲ್ಲ.’

‘ಮೇಲಿನ ಮನೆಯವರೂ ಹೇಳಿರುವುದಿಲ್ಲ’ ಎಂದೆ. ‘ಬನ್ನಿ, ಕೇಳೋಣ.’

ಅವರು ಪತ್ರಿಕೆಯನ್ನು ಕುರ್ಚಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿದರು. ಲಿಫ್ಟಿಗೆ ಕಾಯದೆ ನಾವಿಬ್ಬರೂ ಮೆಟ್ಟಿಲು ಹತ್ತಿದೆವು.